ಲಂಡನ್ ಫ್ಲ್ಯಾಟಿನ ಲೀಸ್ ಎಂಬತ್ತಕ್ಕೆ ಇಳಿಯುವ ಮುನ್ನ

ಬೆಂಗಳೂರಿನಲ್ಲಿ ‘ಮನೆ ಲೀಸ್‌ಗೆ ಹಾಕಿಕೊಂಡಿದ್ದೀವಿ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ: ಮಾಲೀಕರಿಗೆ ಇಡಿಗಂಟು ಕೊಟ್ಟು, ತಿಂಗಳ ಬಾಡಿಗೆಯ ಗೊಡವೆಯಿಲ್ಲದೆ ಎರಡು–ಮೂರು ವರ್ಷ ಇದ್ದು, ಬಿಡುವಾಗ ಗಂಟು ವಾಪಸು ಪಡೆಯುವುದು. ಹಳಬರ ಬಾಯಲ್ಲಿ ಭೋಗ್ಯ. ಇಂಗ್ಲೆಂಡಿನ ಲೀಸ್‌ಹೋಲ್ಡ್ ಫ್ಲ್ಯಾಟಿಗೆ ಈ ಅರ್ಥ ಹಚ್ಚಿದರೆ ಕೆಟ್ಟಿರಿ. ಅಲ್ಲಿ ಪೂರ್ತಿ ಬೆಲೆ ತೆತ್ತು, ಬ್ಯಾಂಕ್ ಸಾಲ ತೀರಿಸಿದ ಮೇಲೂ ನಿಮಗೆ ಸಿಗುವುದು ಇಂತಿಷ್ಟು ವರ್ಷದ ಹಕ್ಕು ಮಾತ್ರ. ನೆಲ, ಕಟ್ಟಡ ಫ್ರೀಹೋಲ್ಡರ್‌ನದು. ಅವಧಿ ಮುಗಿದರೆ ಫ್ಲ್ಯಾಟಿನ ಒಡೆತನವೂ ಅವನಿಗೇ ಮರಳುತ್ತದೆ.

ಅವಧಿ ಸಾಮಾನ್ಯವಾಗಿ 99 ಅಥವಾ 125 ವರ್ಷ, ಕೆಲವು ಕಡೆ 999. 999 ಇದ್ದವರು ಇಲ್ಲಿಗೇ ನಿಲ್ಲಿಸಿ ಪದಬಂಧ ಬಿಡಿಸಲು ಹೋಗಬಹುದು. ಉಳಿದವರಿಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವಂತೆ, ಅವಧಿ ವಿಸ್ತರಿಸುವ ದಾರಿ ಹೀಗಿದೆ.

ಮೊದಲು ವರ್ಷ ಎಣಿಸಿ

ನೀವು ಫ್ಲ್ಯಾಟ್ ಕೊಂಡ ದಿನದಿಂದ ಎಣಿಸಬೇಡಿ. ಲೀಸ್ ಪತ್ರದಲ್ಲಿ ಬರೆದ ಆರಂಭದ ದಿನವೇ ಲೆಕ್ಕ. ಪತ್ರ ಕೈಗೆ ಸಿಗದಿದ್ದರೆ ಲ್ಯಾಂಡ್ ರಿಜಿಸ್ಟ್ರಿಯ ಜಾಲತಾಣದಲ್ಲಿ 7 ಪೌಂಡ್ ಕೊಟ್ಟು ಟೈಟಲ್ ರಿಜಿಸ್ಟರ್ (ಒಡೆತನದ ದಾಖಲೆ) ಪ್ರತಿ ತೆಗೆಸಿ. 1982ರ ಡಿಸೆಂಬರ್ 25ರಿಂದ 125 ವರ್ಷ ಎಂದಿದ್ದರೆ ಲೀಸ್ 2107ಕ್ಕೆ ಮುಗಿಯುತ್ತದೆ. 2027ರ ಡಿಸೆಂಬರ್‌ಗೆ ಉಳಿಯುವುದು ಸರಿಯಾಗಿ 80.

ಈ 80 ಎನ್ನುವುದೇ ಲಕ್ಷ್ಮಣರೇಖೆ. ಉಳಿದ ಅವಧಿ 80 ವರ್ಷ ಅಥವಾ ಅದಕ್ಕಿಂತ ಕಡಿಮೆಯಾದರೆ, ವಿಸ್ತರಣೆಗಾಗಿ ಫ್ರೀಹೋಲ್ಡರ್‌ಗೆ ತೆರಬೇಕಾದ ಹಣಕ್ಕೆ ‘ಮ್ಯಾರೇಜ್ ವ್ಯಾಲ್ಯೂ’ ಎಂಬ ಬಾಬ್ತು ಸೇರಿಕೊಳ್ಳುತ್ತದೆ. ಮದುವೆಗೂ ಇದಕ್ಕೂ ಸಂಬಂಧವಿಲ್ಲ, ಖರ್ಚು ಮಾತ್ರ ಹಾಗೇ. ಲೀಸ್ ಉದ್ದವಾದಾಗ ಫ್ಲ್ಯಾಟಿನ ಬೆಲೆ ಏರುತ್ತದಲ್ಲ, ಆ ಲಾಭದಲ್ಲಿ ಅರ್ಧ ಫ್ರೀಹೋಲ್ಡರ್‌ಗೆ. ಒಂದು ಕಾಲ್ಪನಿಕ ಲೆಕ್ಕ ನೋಡಿ: ಈಗಿನ ಬೆಲೆ 3,00,000 ಪೌಂಡ್, ವಿಸ್ತರಣೆಯ ನಂತರ 3,30,000. ಫ್ರೀಹೋಲ್ಡರ್ ಕಳೆದುಕೊಳ್ಳುವ ಹಕ್ಕಿನ ಮೌಲ್ಯ 12,000. ಏರಿಕೆಯ 30,000ದಲ್ಲಿ ಅದನ್ನು ಕಳೆದರೆ 18,000. ಅದರ ಅರ್ಧ 9,000. 80ಕ್ಕಿಂತ ಮೇಲಿದ್ದಾಗ 12,000ದಲ್ಲಿ ಮುಗಿಯುತ್ತಿದ್ದ ಬಾಬ್ತು ಈಗ 21,000. ಸಾಲದ್ದಕ್ಕೆ, ಅವಧಿ 70ರ ಹತ್ತಿರ ಬಂದಂತೆ ಅನೇಕ ಬ್ಯಾಂಕ್‌ಗಳು ಸಾಲ ಕೊಡಲು ಮೀನಮೇಷ ಎಣಿಸುತ್ತವೆ.

ಕಾನೂನಿನ ದಾರಿಯೋ, ಮಾತುಕತೆಯೋ?

1993ರ ಕಾಯ್ದೆಯಡಿ ಹೋದರೆ ಉಳಿದ ಅವಧಿಯ ಮೇಲೆ 90 ವರ್ಷ ಸೇರುತ್ತದೆ, ಫ್ರೀಹೋಲ್ಡರ್‌ಗೆ ಕಟ್ಟುವ ನೆಲಬಾಡಿಗೆ (ಗ್ರೌಂಡ್ ರೆಂಟ್) ‘ಪೆಪ್ಪರ್‌ಕಾರ್ನ್’ ಆಗುತ್ತದೆ. ಅಂದರೆ ಅಕ್ಷರಶಃ ಒಂದು ಕಾಳುಮೆಣಸು, ವ್ಯವಹಾರದಲ್ಲಿ ಸೊನ್ನೆ. ಕಾಳುಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ನಾಡಿನವರಿಗೆ ಮೆಣಸು ಇಷ್ಟು ಅಗ್ಗವಾದದ್ದು ಬೇಸರ ತರಬಹುದು!

ಫ್ರೀಹೋಲ್ಡರ್ ತಾನಾಗಿ ಪತ್ರ ಬರೆದು ‘ಅಗ್ಗಕ್ಕೆ ಮುಗಿಸೋಣ’ ಎಂದರೆ ತುಸು ತಾಳಿ. ಮಾತುಕತೆಯ ದಾರಿ ಬೇಗ ಮುಗಿಯಬಹುದು, ನಿಜ. ಆದರೆ ಅವನು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಹಳೆಯ ಅವಧಿ ಮುಗಿಯುವವರೆಗೆ ಗ್ರೌಂಡ್ ರೆಂಟ್ ಉಳಿಸಿಕೊಳ್ಳಬಹುದು, ಹೊಸ ಷರತ್ತುಗಳನ್ನು ತುರುಕಬಹುದು. ನನ್ನ ಮತ ಕಾನೂನಿನ ದಾರಿಗೇ.

ಎರಡು ವರ್ಷದಿಂದ ಮಾಲೀಕರಾಗಿರಬೇಕೆಂಬ ಹಳೆಯ ನಿಯಮ 2025ರ ಜನವರಿ 31ರಂದು ಹೋಯಿತು. ಅಲ್ಲೇ ವಾಸವಿರಬೇಕೆಂದೂ ಇಲ್ಲ. ಫ್ಲ್ಯಾಟ್ ಬಾಡಿಗೆಗೆ ಬಿಟ್ಟು ಮೈಸೂರಿಗೋ ಮಂಗಳೂರಿಗೋ ಮರಳಿದವರಿಗೂ ಹಕ್ಕಿದೆ. ಅಂಥವರು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಈಗಿನ ವಿಳಾಸ ಕೊಟ್ಟಿಡಲಿ; ಇಲ್ಲವಾದರೆ ಕಾಗದಗಳು ಬಾಡಿಗೆದಾರರ ಬಾಗಿಲಲ್ಲೇ ಬಿದ್ದಿರುತ್ತವೆ.

ನೋಟಿಸ್, ಆಮೇಲೆ ಕ್ಯಾಲೆಂಡರ್

ಲೀಸ್ ವಿಸ್ತರಣೆಯಲ್ಲೇ ಪಳಗಿದ ಸರ್ವೇಯರ್ (ಬೆಲೆ ಕಟ್ಟುವವರು) ಮತ್ತು ಸಾಲಿಸಿಟರ್ (ವಕೀಲರು) ಹಿಡಿಯಿರಿ. ಅದಕ್ಕೂ ಮೊದಲು ಸರ್ಕಾರಿ ನೆರವಿನ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವಿಸ್‌ನಲ್ಲಿ ಉಚಿತ ಸಲಹೆ ಪಡೆಯಬಹುದು. ಸರ್ವೇಯರ್ ಹೇಳಿದ ಅಂದಾಜು ಇಟ್ಟುಕೊಂಡು ಸಾಲಿಸಿಟರ್ 1993ರ ಕಾಯ್ದೆಯ ಸೆಕ್ಷನ್ 42ರಡಿ ಫ್ರೀಹೋಲ್ಡರ್‌ಗೆ ವಿಸ್ತರಣೆ ಕೋರುವ ನೋಟಿಸ್ ಕೊಡುತ್ತಾರೆ. ಚೌಕಾಸಿಗೆಂದು ತೀರಾ ಕಡಿಮೆ ಮೊತ್ತ ಬರೆದರೆ ನೋಟಿಸೇ ಬಿದ್ದುಹೋಗಬಹುದು. ನೋಟಿಸ್ ಕೊಟ್ಟ ದಿನವೇ ಮೌಲ್ಯಮಾಪನದ ದಿನ. 80ಕ್ಕೆ ಇನ್ನೂ ಒಂದು ವಾರವಿದ್ದಾಗ ಕೊಟ್ಟರೂ ನೀವು ಗೆದ್ದಂತೆ, ಮಾತುಕತೆ ವರ್ಷ ಎಳೆದರೂ ಚಿಂತೆಯಿಲ್ಲ.

ಫ್ರೀಹೋಲ್ಡರ್ ಡಿಪಾಸಿಟ್ ಕೇಳಬಹುದು: ನೀವು ಬರೆದ ಮೊತ್ತದ ಶೇ 10 ಅಥವಾ 250 ಪೌಂಡ್, ಯಾವುದು ಹೆಚ್ಚೋ ಅದು. ಉತ್ತರಕ್ಕೆ ಅವನಿಗೆ ಕನಿಷ್ಠ ಎರಡು ತಿಂಗಳು ಕೊಡಬೇಕು. ಅವನ ಕೌಂಟರ್ ನೋಟಿಸ್ ಬಂದ ಮೇಲೆ ಹಗ್ಗಜಗ್ಗಾಟ ಶುರು. ಎರಡು ತಿಂಗಳಲ್ಲಿ ಒಪ್ಪಂದವಾಗದಿದ್ದರೆ ಇಂಗ್ಲೆಂಡಿನಲ್ಲಿ ಇಂಥ ವ್ಯಾಜ್ಯ ತೀರ್ಮಾನಿಸುವ ಫಸ್ಟ್ ಟಿಯರ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಬಹುದು. ಕೌಂಟರ್ ನೋಟಿಸ್ ದಿನದಿಂದ ಆರು ತಿಂಗಳೊಳಗೆ ಹಾಕಲೇಬೇಕು. ತಪ್ಪಿದರೆ ನೋಟಿಸ್ ಹಿಂದಕ್ಕೆ ಪಡೆದಂತೆ, ಮತ್ತೆ 12 ತಿಂಗಳು ಕಾಯಬೇಕು. ಅಷ್ಟರಲ್ಲಿ 80ರ ಗೆರೆ ದಾಟಿರುತ್ತದೆ, ಫ್ರೀಹೋಲ್ಡರ್‌ನ ಖರ್ಚೂ ನಿಮ್ಮ ತಲೆಗೆ. ಆ ದಿನಾಂಕವನ್ನು ಸಾಲಿಸಿಟರ್ ಮೇಲೆ ಬಿಟ್ಟು ಮಲಗಬೇಡಿ, ಫ್ರಿಜ್ ಬಾಗಿಲಿಗೆ ಅಂಟಿಸಿ.

ಅವನ ಖರ್ಚು ಎಂದೆನಲ್ಲ: ಈಗಿನ ಕಾನೂನಿನಲ್ಲಿ ಫ್ರೀಹೋಲ್ಡರ್‌ನ ವಕೀಲರು, ಸರ್ವೇಯರ್ ಇಬ್ಬರ ನ್ಯಾಯಯುತ ಶುಲ್ಕವನ್ನೂ ನೀವೇ ತೆರಬೇಕು. ಟ್ರಿಬ್ಯೂನಲ್ ಹಂತದ ಅವನ ಖರ್ಚು ಇದರಲ್ಲಿ ಸೇರದು.

ಹೊಸ ಕಾಯ್ದೆಗೆ ಕಾಯಬೇಕೆ?

2024ರ ಮೇ 24ರಂದು ಅಂಗೀಕಾರವಾದ ಕಾಯ್ದೆ 990 ವರ್ಷದ ವಿಸ್ತರಣೆ ಕೊಡುತ್ತದೆ, ಮ್ಯಾರೇಜ್ ವ್ಯಾಲ್ಯೂ ತೆಗೆಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ಫ್ರೀಹೋಲ್ಡರ್‌ಗಳ ತಕರಾರನ್ನು ತಳ್ಳಿಹಾಕಿತು. ಆದರೂ ಆ ವರ್ಷದ ಕೊನೆಗೆ ಈ ಭಾಗಗಳು ಜಾರಿಯಾಗಿರಲಿಲ್ಲ. ಈಗಾಗಲೇ 80ರ ಕೆಳಗಿದ್ದು, ಮಾರುವ ಯೋಚನೆಯೂ ಇಲ್ಲದವರು ಕಾಯುವುದರಲ್ಲಿ ಅರ್ಥವಿದೆ. 81ರಲ್ಲೋ 82ರಲ್ಲೋ ಇರುವವರು ಪಾರ್ಲಿಮೆಂಟಿನ ವೇಗ ನಂಬಿ ಕೂರುವುದು ನನಗೆ ಸರಿಕಾಣದು. ಮಾರಬೇಕಾದವರಿಗಂತೂ ಕಾಯಲು ಪುರುಸೊತ್ತಿಲ್ಲ. ಅವರು ನೋಟಿಸ್ ಕೊಟ್ಟು, ಅದರ ಹಕ್ಕನ್ನೇ ಫ್ಲ್ಯಾಟಿನ ಜೊತೆ ಕೊಳ್ಳುವವರಿಗೆ ವರ್ಗಾಯಿಸಬಹುದು.

ಮೊತ್ತ ನಿಗದಿಯಾದ ಮೇಲೆ ಗೃಹಸಾಲ ಕೊಟ್ಟ ಬ್ಯಾಂಕ್‌ಗೆ ತಿಳಿಸಿ, ಹಣ ಕಟ್ಟಿ, ಹೊಸ ಲೀಸನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು. ಹೊಸ ರಿಜಿಸ್ಟರ್ ಪ್ರತಿ ಕೈಗೆ ಬಂದಾಗ ಅವಧಿಯ ಸಾಲನ್ನು ನೀವೇ ಒಮ್ಮೆ ಕೂಡಿ ನೋಡಿ.