ಮಳೆಯಲ್ಲಿ ಚಾರ್ಮಾಡಿ ಇಳಿಯುವುದು ಹೇಗೆ?

ಹಾಸನದಿಂದ ಧರ್ಮಸ್ಥಳಕ್ಕೆ ನಡೆದು ಹೋಗುವವರು ಬೇಲೂರು, ಮೂಡಿಗೆರೆ ದಾಟುವವರೆಗೂ ಪಾದದ ಬಗ್ಗೆಯೇ ಮಾತಾಡುತ್ತಾರೆ. ಕೊಟ್ಟಿಗೆಹಾರ ದಾಟಿದ ಮೇಲೆ ಮಾತೆಲ್ಲ ಮಂಡಿಯದು. ಶಿವರಾತ್ರಿ ಹೊತ್ತಿಗೆ ಈ ದಾರಿಯಲ್ಲಿ ಸಾವಿರಾರು ಜನ, ಅಲ್ಲಲ್ಲಿ ಮಜ್ಜಿಗೆ, ಪಾನಕ, ಊಟ. ಹರಕೆ ಹೊತ್ತು ಶ್ರಾವಣದಲ್ಲಿ ಹೊರಟವರಿಗೆ ಅದೇನೂ ಸಿಗುವುದಿಲ್ಲ. ಮಳೆ, ಮಂಜು, ಮತ್ತು ಚಾರ್ಮಾಡಿ ಘಾಟಿಯ ಸುಮಾರು 25 ಕಿ.ಮೀ. ಇಳಿಜಾರು, ಅಷ್ಟೇ.

ಹೊರಡಬೇಕೋ ಬೇಡವೋ

ಮೊದಲು ಇದನ್ನು ತೀರ್ಮಾನಿಸಿ. 2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿಹೋಯಿತು. ಪಕ್ಕದ ಮಲೆಮನೆ, ಮಧುಗುಂಡಿಯಲ್ಲಿ ಮನೆ, ತೋಟ, ಗದ್ದೆಗಳೇ ಕೊಚ್ಚಿಹೋದವು. ಹಾಗಾಗಿ ರೆಡ್ ಅಲರ್ಟ್ ಇದ್ದರೆ, ಅಥವಾ ಮೂರು ದಿನ ಬಿಡದೆ ಸುರಿದಿದ್ದರೆ, ಮೂಡಿಗೆರೆಯಲ್ಲೇ ಉಳಿಯಿರಿ. ಮಂಜುನಾಥ ಎಲ್ಲಿಗೂ ಹೋಗುವುದಿಲ್ಲ. ಜಿಲ್ಲಾಡಳಿತ ಸಂಚಾರ ನಿರ್ಬಂಧಿಸಿದ್ದರೆ ‘ನಾವು ನಡೆಯುವವರು, ನಮಗೇನು’ ಎಂದು ವಾದ ಮಾಡಬೇಡಿ.

ಮೈಮೇಲೆ, ಕಾಲಿಗೆ

ಘಾಟಿಯ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ಎರಡನೇ ತಿರುವಿಗೇ ಮೇಲ್ಮುಖವಾಗಿ ಅರಳಿಕೊಳ್ಳುತ್ತದೆ. ರೇನ್‌ಕೋಟ್ ಆದೀತು, ಆದರೆ ಒಳಗೆಲ್ಲ ಬೆವರು. ನಮ್ಮ ದೊಡ್ಡಪ್ಪ ಗೊಬ್ಬರದ ಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರು. ನಾನು ನಕ್ಕೆ. ಮಧ್ಯಾಹ್ನದ ಹೊತ್ತಿಗೆ ಅವರ ಬೆನ್ನು ಒಣಗಿತ್ತು, ನನ್ನದು ತೊಪ್ಪೆಯಾಗಿತ್ತು.

ಹೊಸ ಶೂ ಬೇಡವೇ ಬೇಡ. ನಾನು ಹೊರಡುವ ಹಿಂದಿನ ದಿನ ಕೊಂಡ ಶೂ ಅರ್ಧ ಘಾಟಿಯಲ್ಲೇ ಅಟ್ಟೆ ಬಿಚ್ಚಿಕೊಂಡು ಬಾಯಿ ತೆರೆಯಿತು. ಉಳಿದ ದಾರಿಯನ್ನು ಬಾಳೆನಾರಿನಲ್ಲಿ ಕಟ್ಟಿಕೊಂಡು ನಡೆದೆ. ಎರಡು ಮೂರು ತಿಂಗಳು ಹಾಕಿ ಪಳಗಿಸಿದ ಜೋಡು ಇರಲಿ. ಕಾಲ್ಬೆರಳಿನ ಉಗುರು ಕತ್ತರಿಸಿರಿ, ಇಳಿಯುವಾಗ ಅದು ಶೂ ಮುಂದಕ್ಕೆ ಗುದ್ದಿ ಕಪ್ಪಾಗುತ್ತದೆ. ಬೆರಳ ಸಂದಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿ. ನೆನೆದ ಚರ್ಮ ಮೆತ್ತಗಾಗಿ ಬೇಗ ಬೊಬ್ಬೆ ಏಳುತ್ತದೆ, ಎಣ್ಣೆ ಉಜ್ಜಾಟ ಕಡಿಮೆ ಮಾಡುತ್ತದೆ. ಒಣ ಕಾಲುಚೀಲ ಎರಡು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಡಿ. ಬರಿಗಾಲಿನ ಹರಕೆಯವರಿಗೆ ನಾನು ಬುದ್ಧಿ ಹೇಳುವುದಿಲ್ಲ. ರಸ್ತೆಯಂಚಿನ ಜಲ್ಲಿಯನ್ನು ಮಾತ್ರ ನೋಡಿಕೊಳ್ಳಿ.

ನೀರು ಯಾವ ಕಡೆಗೆ?

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಬೆಳಕು ಹರಿದ ಮೇಲೆಯೇ ಹೊರಡಿ. ಕತ್ತಲಲ್ಲಿ ಬೇಡ, ಆನೆ ಓಡಾಡುವ ಕಾಡು ಇದು. ಅವಲಕ್ಕಿ, ಬೆಲ್ಲ, ಹುರಿಗಡಲೆ ಚೀಲದೊಳಗೇ ಇರಲಿ. ಕೈಯಲ್ಲಿ ಹಿಡಿದರೆ ಕೋತಿಗಳ ಪಾಲು.

ರಸ್ತೆ ಬದಿಯ ಚರಂಡಿ ನೋಡುತ್ತಾ ನಡೆಯಿರಿ. ಜಾವಳಿಯ ಬಳಿ ಹುಟ್ಟುವ ಹೇಮಾವತಿ ಮೂಡಣಕ್ಕೆ ಹರಿದು ನಮ್ಮ ಗೊರೂರಿಗೆ ಬರುತ್ತಾಳೆ. ಘಾಟಿಯ ಆಚೆ ಬಿದ್ದ ಮಳೆ ಮೃತ್ಯುಂಜಯ ಹೊಳೆ ಸೇರಿ, ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ಚರಂಡಿಯ ನೀರು ನಿಮ್ಮ ಜೊತೆಗೇ ಓಡತೊಡಗಿತು ಎಂದರೆ ಘಾಟಿ ಶುರುವಾಯಿತು. ಅಲ್ಲೇ ಕೂತು ಲೇಸನ್ನು ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟಿ, ಪಾದ ಮುಂದಕ್ಕೆ ಜಾರಬಾರದು.

ಇನ್ನು ನಡಿಗೆ. ‘ಓಡಬ್ಯಾಡ ಕಣ್ಲಾ ಮಗ, ಇಳಿಜಾರೇ ನಿನ್ನ ಓಡುಸ್ತದೆ’ ಎಂದರು ದೊಡ್ಡಪ್ಪ. ನಿಜ. ಹೆಜ್ಜೆ ಗಿಡ್ಡದಾಗಲಿ, ಮಂಡಿ ಚೂರು ಬಗ್ಗಿರಲಿ, ಇಡೀ ಪಾದ ಊರಿ. ಕೈಯಲ್ಲೊಂದು ದೊಣ್ಣೆ ಇದ್ದರೆ ಮಂಡಿಯ ಸ್ವಲ್ಪ ಭಾರ ಅದಕ್ಕೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿ. ಅಣ್ಣಪ್ಪ ಸ್ವಾಮಿ ಗುಡಿ ಒಳ್ಳೆಯ ತಾಣ, ಬಸ್ಸಿನವರೂ ಅಲ್ಲಿ ಕೈಮುಗಿಯದೆ ಮುಂದಕ್ಕೆ ಹೋಗುವುದು ಕಡಿಮೆ.

ಇದು ಕಾಲುದಾರಿಯಲ್ಲ, ಹೆದ್ದಾರಿ 73. ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಬೆನ್ನಿಗೆ ಹೊಳೆಯುವ ಪಟ್ಟಿ ಇರಲಿ, ಮಂಜಿನಲ್ಲಿ ಬಿಳಿ ಅಂಗಿ ಕಾಣುವುದೇ ಇಲ್ಲ. ಹೇರ್‌ಪಿನ್ ತಿರುವಿನ ಒಳಮೂಲೆಯಲ್ಲಂತೂ ನಿಲ್ಲಲೇಬೇಡಿ. ಉದ್ದನೆಯ ಬಸ್ಸಿನ ಹಿಂದಿನ ಚಕ್ರ ಮುಂದಿನದಕ್ಕಿಂತ ಒಳಗೆ ಎಳೆದುಕೊಂಡು ಬರುತ್ತದೆ.

ಮಳೆ ಜೋರಾದಾಗ ಧರೆಯ, ಅಂದರೆ ರಸ್ತೆಗಾಗಿ ಕಡಿದ ಗುಡ್ಡದ ಗೋಡೆಯ, ಬುಡಕ್ಕೆ ಒರಗಿ ನಿಲ್ಲುವುದು ಎಲ್ಲರೂ ಮಾಡುವ ತಪ್ಪು. ಸಣ್ಣ ಕಲ್ಲು ಉರುಳುತ್ತಿದ್ದರೆ, ತಿಳಿಯಾಗಿದ್ದ ಝರಿ ಒಮ್ಮೆಗೇ ಕೆಂಪಾದರೆ, ಮರ ರಸ್ತೆಗೆ ವಾಲಿದ್ದರೆ ಅಲ್ಲಿಂದ ಕಾಲ್ತೆಗೆಯಿರಿ. ಜಲಪಾತದ ಬಂಡೆ ಹತ್ತಿ ಸೆಲ್ಫಿ ತೆಗೆಯುವವರನ್ನು ನೋಡಿ ಪ್ರೇರಣೆಗೊಳ್ಳಬೇಡಿ. ಬಹುಪಾಲು ಘಾಟಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಎಲ್ಲಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಕೊಟ್ಟಿಗೆಹಾರದಿಂದಲೇ ಮನೆಗೆ ಹೇಳಿಬಿಡಿ.

ಇಂಬಳ

ಹುಲ್ಲಿನ ಮೇಲೆ ಕೂತಿರೋ, ಈ ಕಾಡುಜಿಗಣೆ ಹತ್ತಿತು. ಕಾಲುಚೀಲದ ಮೇಲೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡರೆ ಸ್ವಲ್ಪ ತಡೆಯುತ್ತದೆ, ಮಳೆಗೆ ತೊಳೆದುಹೋದರೆ ಮತ್ತೆ ತಿಕ್ಕಬೇಕು. ಕಚ್ಚಿದ್ದನ್ನು ಎಳೆಯಬೇಡಿ, ಉಗುರಿನಿಂದ ಬಾಯಿಯ ಬದಿಗೆ ಜಾರಿಸಿ. ಆಮೇಲೂ ರಕ್ತ ಒಸರುತ್ತದೆ, ಹೆಪ್ಪುಗಟ್ಟದಂತೆ ಅದು ಜೊಲ್ಲು ಬಿಟ್ಟಿರುತ್ತದೆ. ತೊಳೆದು, ಬಟ್ಟೆ ಒತ್ತಿಹಿಡಿದರೆ ಸಾಕು.

ಇಳಿದ ಮೇಲೆ

ಚಾರ್ಮಾಡಿ ಊರು ಮುಟ್ಟಿದಾಗ ಚಳಿ ಹೋಗಿ ಸೆಕೆ ಹಿಡಿಯುತ್ತದೆ, ಅಂಗಡಿಯಲ್ಲಿ ‘ಬರ್ಸ’ ಎಂದು ತುಳುವಿನಲ್ಲಿ ಮಳೆಯ ಮಾತು. ಹುರುಪಿನಲ್ಲಿ ಉಜಿರೆಯವರೆಗೆ ನಡೆದುಬಿಡೋಣ ಅನ್ನಿಸುತ್ತದೆ. ಬೇಡ. ಚಾರ್ಮಾಡಿಯಲ್ಲೋ ಕಕ್ಕಿಂಜೆಯಲ್ಲೋ ಮೊದಲೇ ಹೇಳಿಟ್ಟ ಜಾಗದಲ್ಲಿ ಮಲಗಿ. ಬಿಸಿನೀರಿಗೆ ಕಾಲಿಟ್ಟು, ಒರೆಸಿ, ಶೂ ಒಳಗೆ ಹಳೆಯ ಪೇಪರ್ ತುರುಕಿ. ಮಲಗುವ ಮುನ್ನ ಒಮ್ಮೆ ಬದಲಿಸಿದರೆ ಬೆಳಿಗ್ಗೆಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ. ತೊಡೆಯ ನೋವು ಮಾರನೇ ದಿನ ಜಾಸ್ತಿ, ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ.

ಉಜಿರೆಯಿಂದ ಧರ್ಮಸ್ಥಳಕ್ಕೆ ಸುಮಾರು 9 ಕಿ.ಮೀ. ನೇತ್ರಾವತಿ ಸ್ನಾನಘಟ್ಟದಲ್ಲಿ ಹೊಳೆ ಕೆಂಪಗೆ ತುಂಬಿ ಹರಿಯುತ್ತಿದ್ದರೆ ನೀರಿಗಿಳಿಯಬೇಡಿ. ದೊಡ್ಡಪ್ಪ ಮೇಲಿನ ಮೆಟ್ಟಿಲಲ್ಲೇ ಕೂತು ಚೊಂಬಿನಲ್ಲಿ ಮೂರು ಸಲ ತಲೆಗೆ ನೀರು ಸುರಿದುಕೊಂಡರು, ಗೊಬ್ಬರದ ಚೀಲವನ್ನು ಕೊಡವಿ ಮಡಚಿ ಕಂಕುಳಲ್ಲಿಟ್ಟುಕೊಂಡು ಸಾಲಿಗೆ ಹೋಗಿ ನಿಂತರು.