ಕಾಫಿ ಕೊಯ್ಲಿಗೆ ಮೊದಲೇ ಕೈತೋಟ ಮಾಡಿ ಮುಗಿಸಿ

ಕೊಡಗಿನಲ್ಲಿ ತರಕಾರಿ ಮಡಿ ಮಾಡಲು ಸಿಗುವ ಬಿಡುವು ಚಿಕ್ಕದು. ಸೆಪ್ಟೆಂಬರ್ ಮುಗಿಯುವವರೆಗೆ ಮಳೆ ಬಿಡುವುದಿಲ್ಲ. ನವೆಂಬರ್ ಕೊನೆಗೆ ಅರೇಬಿಕಾ ಕಾಫಿ ಹಣ್ಣಾಗತೊಡಗಿದರೆ ಮನೆಯಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹಿಂದೆ ಮುಂದಿನ ನಾಲ್ಕು ವಾರವೇ ನಮಗೆ ಸಿಗುವುದು.

ಬೀಜದ ಪೊಟ್ಟಣ ಆಮೇಲೆ ತನ್ನಿ, ಮೊದಲು ಮಣ್ಣು ನೋಡಿ. ನಮ್ಮ ಮಣ್ಣು ಮೊದಲೇ ಹುಳಿ. ನಾಲ್ಕು ತಿಂಗಳ ಮಳೆ ಸುಣ್ಣದ ಅಂಶವನ್ನು ಇನ್ನಷ್ಟು ತೊಳೆದಿರುತ್ತದೆ. ಹುಳಿ ಮಣ್ಣಿಗೆ ಗೊಬ್ಬರ ಸುರಿದರೂ ಗಿಡಕ್ಕೆ ಸಿಗುವುದು ಸ್ವಲ್ಪವೇ. ಕಾಫಿಗೆ ತಪ್ಪದೆ ಸುಣ್ಣ ಹಾಕುವವರೂ ಅಡುಗೆಮನೆ ಹಿಂದಿನ ನಾಲ್ಕು ಮಡಿಗಳನ್ನು ಮರೆಯುತ್ತಾರೆ, ಅಲ್ವಾ? ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಅದರ ಪ್ರಕಾರ ಕೃಷಿ ಸುಣ್ಣ ಎರಚಿ ಬೆರೆಸಿ.

ಸುಣ್ಣ ಹಾಕಿ ಎರಡು ವಾರವಾದ ಮೇಲೆಯೇ ಕೊಟ್ಟಿಗೆ ಗೊಬ್ಬರ. ಒಂದು ವರ್ಷ ಅವಸರಕ್ಕೆ ಎರಡನ್ನೂ ಒಂದೇ ದಿನ ಬೆರೆಸಿದ್ದೆ. ಅಂಗಳದ ತುಂಬ ಮೂಗಿಗೆ ಹೊಡೆಯುವ ವಾಸನೆ. ಗಾಳಿಗೆ ಹೋಗುತ್ತಿದ್ದದ್ದು ಗಿಡಕ್ಕೆ ಸೇರಬೇಕಾದ ಸಾರಜನಕ!

ಒದ್ದೆ ಮಣ್ಣು ಅಗೆದರೆ ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಒಂದು ಹಿಡಿ ಉಂಡೆ ಕಟ್ಟಿ ಬೆರಳಿನಿಂದ ಒತ್ತಿ. ಉದುರಿದರೆ ಗುದ್ದಲಿ ಹಿಡಿಯಿರಿ, ಅಂಟಿದರೆ ಎರಡು ದಿನ ಕಾಯಿರಿ. ಮಡಿ ಅರ್ಧ ಅಡಿಯಷ್ಟಾದರೂ ಎತ್ತರವಿರಲಿ, ಏಕೆಂದರೆ ಹಿಂಗಾರಿನ ಗುಡುಗು ಮಳೆ ಇನ್ನೂ ಬಾಕಿ ಇದೆ. ಅಗಲ 3 ಅಡಿ ಸಾಕು, ಎರಡೂ ಕಡೆಯಿಂದ ಕೈ ಎಟಕುತ್ತದೆ. ಇಳಿಜಾರಿಗೆ ಅಡ್ಡವಾಗಿ ಮಾಡಿದರೆ ಮಣ್ಣು ಕೊಚ್ಚಿಹೋಗುವುದಿಲ್ಲ.

ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಬೀನ್ಸ್ ಬೀಜವನ್ನು ನೇರವಾಗಿ ಮಡಿಗೇ ಹಾಕಿ. ಕ್ಯಾರೆಟ್ ಮಡಿಗೆ ಹಸಿ ಸಗಣಿ ಬೇಡ, ಗೆಡ್ಡೆ ಕವಲೊಡೆಯುತ್ತದೆ. ಕೋಸು, ನವಿಲುಕೋಸಿನ ಬೀಜವನ್ನು ಸೆಪ್ಟೆಂಬರ್ ಕೊನೆಗೇ ಮಳೆ ತಾಗದ ಜಾಗದಲ್ಲಿ ಟ್ರೇಗೆ ಹಾಕಿದರೆ 25–30 ದಿನಕ್ಕೆ ಸಸಿ ಸಿದ್ಧ. ಕೋಸನ್ನು ಒಂದೂವರೆ ಅಡಿಗೊಂದು, ನವಿಲುಕೋಸನ್ನು ಒಂದು ಅಡಿಗೊಂದು ನೆಡಿ. ಕೊತ್ತಂಬರಿ ಬೀಜವನ್ನು ಮಾತ್ರ ಚಪ್ಪಲಿಯಡಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ.

ಇನ್ನು ಬಸವನಹುಳು. ಶನಿವಾರಸಂತೆ ಕಡೆ ಕಾಫಿ ತೋಟಕ್ಕೇ ನುಗ್ಗಿದ ಆಫ್ರಿಕನ್ ಹುಳುವಿಗೆ ನಿಮ್ಮ ಎಳೆ ಸಸಿ ಯಾವ ಲೆಕ್ಕ! ಸಂಜೆ ಒದ್ದೆ ಗೋಣಿಚೀಲ ಹಾಸಿ, ಅಡಿಯಲ್ಲಿ ಪಪಾಯಿ ಎಲೆ ಇಡಿ. ಬೆಳಿಗ್ಗೆ ಎತ್ತಿದರೆ ಎಲ್ಲ ಅಲ್ಲೇ ಸೇರಿರುತ್ತವೆ. ಕೈಗವಸು ಹಾಕಿ ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಮಡಿಯ ಮೇಲೆ ಉಪ್ಪು ಚೆಲ್ಲಬೇಡಿ, ಮಣ್ಣು ಕೆಡುತ್ತದೆ.

ಮಂಜು ಬೀಳುವ ದಿನಗಳಲ್ಲಿ ನೀರನ್ನು ಬೆಳಿಗ್ಗೆ ಬುಡಕ್ಕೇ ಕೊಡಿ. ಸಂಜೆ ಎಲೆ ನೆನೆದರೆ ರಾತ್ರಿಯಿಡೀ ಆರುವುದಿಲ್ಲ, ರೋಗ ಜಾಸ್ತಿ. ಡಿಸೆಂಬರ್‌ಗೆ ಮಣ್ಣು ಒಣಗುವ ಮೊದಲೇ ಒಣಹುಲ್ಲು ಹೊದಿಸಿ. ಅಕ್ಟೋಬರ್ ಮಧ್ಯಕ್ಕೆ ಹಾಕಿದ ಮೂಲಂಗಿ 45 ದಿನದಲ್ಲಿ, ಅಂದರೆ ನಮ್ಮ ಸುಗ್ಗಿ ಹಬ್ಬ ಪುತ್ತರಿ ಹೊತ್ತಿಗೆ, ಕೀಳಲು ಬರುತ್ತದೆ.