ಕಾನ್ಸ್ಟ್ ಹಾಕಿದ್ದೆ, ಆದರೂ ಪಟ್ಟಿ ಅದಲುಬದಲಾಯಿತು

ವೆಬ್ ಪುಟಗಳಿಗೆ ಕೋಡ್ ಬರೆಯುವ ಜಾವಾಸ್ಕ್ರಿಪ್ಟ್ ಭಾಷೆ ಕಲಿಯುವಾಗ ಯಾರೋ ನನಗೆ ಒಂದೇ ಸಾಲಿನಲ್ಲಿ ಹೇಳಿಕೊಟ್ಟಿದ್ದರು: ಬೆಲೆಗೆ ಹೆಸರಿಡುವಾಗ, ಬದಲಾಗುವುದಕ್ಕೆ ಲೆಟ್, ಬದಲಾಗದ್ದಕ್ಕೆ ಕಾನ್ಸ್ಟ್. ಕೇಳೋಕೆ ಸರಿಯಾಗೇ ಇದೆ ಅಲ್ವಾ? ನಾನೂ ಅದನ್ನೇ ನಂಬಿಕೊಂಡು ಎರಡು ವರ್ಷ ಕೋಡ್ ಬರೆದೆ. ಆ ಮಾತು ಅರ್ಧ ಮಾತ್ರ ಸರಿ ಅಂತ ಗೊತ್ತಾಗಿದ್ದು ಒಂದು ಪಟ್ಟಿಯಿಂದ.

ಪುಟದಲ್ಲಿ ಆಟಗಾರರ ಹೆಸರುಗಳು ಅವರು ಸೇರಿದ ಕ್ರಮದಲ್ಲೇ ಕಾಣಬೇಕಿತ್ತು. ಪಕ್ಕದಲ್ಲಿ ಜಾಸ್ತಿ ಅಂಕ ಗಳಿಸಿದ ಮೂವರು. ಪಟ್ಟಿಯನ್ನು ಕಾನ್ಸ್ಟ್ ಅಂತಲೇ ಬರೆದಿದ್ದೆ. ಮೂವರನ್ನು ಆರಿಸುವ ಫಂಕ್ಷನ್ ಒಳಗೆ ಅದೇ ಪಟ್ಟಿಯ ಮೇಲೆ ಸಾರ್ಟ್ (ಕ್ರಮವಾಗಿ ಜೋಡಿಸುವ ಆಜ್ಞೆ) ಕರೆದು, ಬಂದದ್ದನ್ನು ಇನ್ನೊಂದು ಕಾನ್ಸ್ಟ್‌ಗೆ ಹಾಕಿ, ಮೊದಲ ಮೂರನ್ನು ತೆಗೆದುಕೊಂಡೆ. ಮೂವರು ಸರಿಯಾಗೇ ಬಂದರು. ಆದರೆ ಯಾವುದೋ ಬಟನ್ ಒತ್ತಿ ಪಟ್ಟಿ ಎರಡನೇ ಸಲ ಮೂಡಿದಾಗ, ಸೇರಿದ ಕ್ರಮ ಹೋಗಿ ಅಂಕದ ಕ್ರಮ ಬಂದಿರುತ್ತಿತ್ತು. ಮೊದಲ ಸಲ ಮಾತ್ರ ಎಲ್ಲ ಸರಿ. ಇಡೀ ಮಧ್ಯಾಹ್ನ ಸರ್ವರ್ ಕಡೆ ತಡಕಾಡಿದೆ, ಯಾಕೆಂದರೆ ಕಾನ್ಸ್ಟ್ ಇರುವ ಪಟ್ಟಿಯ ಮೇಲೆ ನನಗೆ ಅನುಮಾನವೇ ಬರಲಿಲ್ಲ.

ಆಗಿದ್ದು ಇಷ್ಟೇ. ಸಾರ್ಟ್ ಹೊಸ ಅರೇ, ಅಂದರೆ ಹೊಸ ಪಟ್ಟಿ, ಕೊಡುವುದಿಲ್ಲ. ಇರುವ ಅರೇಯನ್ನೇ ಕಲಸಿ ಜೋಡಿಸಿ, ಅದನ್ನೇ ವಾಪಸ್ ಕೊಡುತ್ತದೆ. ನನ್ನ ಎರಡು ಕಾನ್ಸ್ಟ್‌ಗಳೂ ಒಂದೇ ಅರೇಯ ಎರಡು ಹೆಸರು. ಕಾನ್ಸ್ಟ್ ಕಟ್ಟಿಹಾಕುವುದು ಹೆಸರನ್ನು, ಒಳಗಿನ ಸಾಮಾನನ್ನಲ್ಲ. ಆ ಹೆಸರಿಗೆ ಬೇರೆ ಅರೇ ಕೊಡೋಕೆ ಹೋದರೆ ಎರರ್. ಅದೇ ಅರೇಗೆ ಸೇರಿಸು, ತೆಗಿ, ತಲೆಕೆಳಗು ಮಾಡು, ಕಾನ್ಸ್ಟ್ ಏನೂ ಅನ್ನುವುದೇ ಇಲ್ಲ.

ಸರಿಮಾಡಿದ್ದು ಮೂರು ಚುಕ್ಕಿಯಿಂದ, ಒಂದು ಪಟ್ಟಿಯಲ್ಲಿರುವುದನ್ನು ಹೊಸ ಪಟ್ಟಿಗೆ ಹರಡುವ ಗುರುತು ಅದು: ಮೊದಲು ನಕಲು ತೆಗೆದು, ನಕಲಿನ ಮೇಲೆ ಸಾರ್ಟ್. ಜಾವಾಸ್ಕ್ರಿಪ್ಟ್‌ನ 2023ರ ಆವೃತ್ತಿಯಿಂದ ಟುಸಾರ್ಟೆಡ್ ಅಂತ ಬಂದಿದೆ, ಅದು ಹೊಸ ಅರೇಯನ್ನೇ ಕೊಡುತ್ತದೆ. ಒಳಗಿನದನ್ನೂ ಬದಲಾಗದ ಹಾಗೆ ಬಿಗಿಯುವ ಆಬ್ಜೆಕ್ಟ್ ಫ್ರೀಜ್ ಕೂಡ ಇದೆ. ಅವತ್ತು ಪಟ್ಟಿಯನ್ನು ಫ್ರೀಜ್ ಮಾಡಿದ್ದರೆ ಸಾರ್ಟ್ ಅಲ್ಲೇ ಟೈಪ್ ಎರರ್ ಎಸೆದು ನನ್ನ ಮಧ್ಯಾಹ್ನ ಉಳಿಸುತ್ತಿತ್ತು. ಆದರೆ ಫ್ರೀಜ್ ಹಿಡಿಯುವುದು ಮೇಲಿನ ಪದರವನ್ನು ಮಾತ್ರ. ಪಟ್ಟಿಯೊಳಗಿನ ಒಬ್ಬ ಆಟಗಾರನ ಅಂಕವನ್ನು ಆಗಲೂ ಆರಾಮಾಗಿ ತಿದ್ದಬಹುದು.

ಆಮೇಲೆ ರಸ್ಟ್ ಅನ್ನೋ ಇನ್ನೊಂದು ಭಾಷೆ ಕಲಿಯೋಕೆ ಹೋದೆ. ಅಲ್ಲಿ ಲೆಟ್ ಅಂದರೆ ಬದಲಾಗದ್ದು! ಬದಲಾಗಬೇಕಾದರೆ ಪಕ್ಕದಲ್ಲಿ ಮ್ಯೂಟ್ ಬರೆಯಬೇಕು. ಸ್ವಿಫ್ಟ್ ಭಾಷೆಯಲ್ಲೂ ಲೆಟ್ ಬದಲಾಗದ್ದು, ವಾರ್ ಬದಲಾಗುವುದು. ಜಾವಾಸ್ಕ್ರಿಪ್ಟ್‌ನಿಂದ ಬಂದವರಿಗೆ ಪೂರ್ತಿ ಉಲ್ಟಾ. ಮೊದಲ ದಿನ ಮೊತ್ತಕ್ಕೆ ಸೊನ್ನೆ ಕೊಟ್ಟು ಲೂಪ್‌ನಲ್ಲಿ ಕೂಡಿಸುತ್ತಾ ಹೋದೆ. ಎರರ್ ಸಂಖ್ಯೆ ಇ0384, ಬದಲಾಗದ ವೇರಿಯಬಲ್‌ಗೆ ಎರಡನೇ ಸಲ ಬೆಲೆ ಕೊಡುವ ಹಾಗಿಲ್ಲ ಅಂತ ಕಂಪೈಲರ್ (ಓಡಿಸುವ ಮುಂಚೆ ಕೋಡ್ ಪರೀಕ್ಷಿಸಿ ಯಂತ್ರದ ಭಾಷೆಗೆ ಇಳಿಸುವ ಪ್ರೋಗ್ರಾಮ್) ನಿಲ್ಲಿಸಿತು. ಸಿಟ್ಟು ಬಂದು ಕಂಡಕಂಡಲ್ಲಿ ಮ್ಯೂಟ್ ಹಾಕಿದೆ. ಆಗ ಅದು ಬೇರೆ ರಾಗ ತೆಗೆಯಿತು: ಇದಕ್ಕೆ ಮ್ಯೂಟ್ ಬೇಕಿಲ್ಲ, ಅದಕ್ಕೂ ಬೇಕಿಲ್ಲ. ಒಂದೊಂದಾಗಿ ತೆಗೆದು ನೋಡಿದರೆ ಉಳಿದದ್ದು ಬೆರಳೆಣಿಕೆಯಷ್ಟು.

ನನಗೆ ಹಿಡಿಸಿದ ವಿಷಯ ಬೇರೆ. ಮ್ಯೂಟ್ ಇಲ್ಲದ ವೆಕ್ಟರ್‌ಗೆ (ಅಲ್ಲಿನ ಪಟ್ಟಿ) ಪುಶ್ ಮಾಡೋಕೂ, ಅಂದರೆ ಹೊಸದೊಂದನ್ನು ಸೇರಿಸೋಕೂ, ರಸ್ಟ್ ಬಿಡುವುದಿಲ್ಲ. ಕಾನ್ಸ್ಟ್‌ನಿಂದ ನಾನು ಸುಮ್ನೆ ನಿರೀಕ್ಷಿಸಿದ್ದು ಇದನ್ನೇ. ಅದೂ ಪ್ರೋಗ್ರಾಮ್ ಓಡುವ ಮುಂಚೆಯೇ ಹೇಳಿಬಿಡುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಕಾನ್ಸ್ಟ್‌ಗೆ ಮತ್ತೆ ಬೆಲೆ ಕೊಟ್ಟ ಸಾಲು ಅಪರೂಪಕ್ಕೆ ಓಡುವ ಇಫ್ ಒಳಗಿದ್ದರೆ, ಆ ಎರರ್ ಬಳಕೆದಾರರ ಕೈಗೆ ಸಿಕ್ಕ ಮೇಲೆಯೇ ಹೊರಗೆ ಬರೋದು. ಕೋಟ್ಲಿನ್ ಭಾಷೆಯ ವ್ಯಾಲ್ ಕೂಡ ಕಾನ್ಸ್ಟ್ ಜಾತಿಯದೇ: ಅದರಲ್ಲಿ ಮ್ಯೂಟಬಲ್ ಲಿಸ್ಟ್ (ಬದಲಾಯಿಸಬಹುದಾದ ಪಟ್ಟಿ) ಇಟ್ಟರೆ ಯಾರು ಬೇಕಾದರೂ ಸೇರಿಸಬಹುದು.

ಈಗ ಯಾವ ಭಾಷೆಯಾದರೂ ಬದಲಾಗದ್ದರಿಂದಲೇ ಶುರುಮಾಡುತ್ತೇನೆ, ಕೋಡ್ ತಡೆದಾಗ ಮಾತ್ರ ಸಡಿಲ ಬಿಡುತ್ತೇನೆ. ಹಳೆಯ ಜಾವಾಸ್ಕ್ರಿಪ್ಟ್ ಫೈಲಿಗೆ ಕೋಡ್ ತಪಾಸಣೆ ಮಾಡುವ ಇಎಸ್‌ಲಿಂಟ್‌ನ ಪ್ರಿಫರ್ ಕಾನ್ಸ್ಟ್ ನಿಯಮ (ಮತ್ತೆ ಬೆಲೆ ಪಡೆಯದ ಲೆಟ್ ಕಂಡರೆ ಕಾನ್ಸ್ಟ್ ಮಾಡು ಅನ್ನೋದು) ಹಾಕಿ ಓಡಿಸಿದೆ. ಕೊನೆಗೆ ನಾಲ್ಕು ಲೆಟ್ ಉಳಿದವು. ಎರಡು ಲೂಪಿನ ಎಣಿಕೆಗೆ, ಅಲ್ಲಿ ಕಾನ್ಸ್ಟ್ ಹಾಕಿದರೆ ಎಣಿಕೆ ಹೆಚ್ಚಿಸುವ ಹೊತ್ತಿಗೇ ಎರರ್. ಮೂರನೆಯದಕ್ಕೆ ಇಫ್‌ನಲ್ಲಿ ಒಂದು ಬೆಲೆ, ಎಲ್ಸ್‌ನಲ್ಲಿ ಒಂದು ಬೆಲೆ ಸಿಗುತ್ತಿತ್ತು. ಅದನ್ನು ಪುಟ್ಟ ಫಂಕ್ಷನ್ ಮಾಡಿ, ಉತ್ತರವನ್ನು ಕಾನ್ಸ್ಟ್‌ಗೆ ಹಾಕಿದೆ. ನಾಲ್ಕನೆಯದು ಟೈಮರ್ ಐಡಿ, ಓಡುತ್ತಿರುವ ಟೈಮರಿನ ಗುರುತು. ಅದು ನಿಜಕ್ಕೂ ಆಗಾಗ ಬದಲಾಗುವಂಥದ್ದು, ಹಾಗೇ ಬಿಟ್ಟಿದ್ದೇನೆ.